ಮೂರು ಅಂಗೈ, ಒಂದು ಮುಷ್ಟಿ

ಮೊಂತೆಫೋಸ್ಕೊ,
ಮಂಗಳವಾರ, ೬ ಫೆಬ್ರವರಿ ೧೯೭೯

ಪ್ರೀತಿಯ ಮಗಳು ದೊರಲೀಚೆಗೆ,

ಈಗ ಸಂಜೆ ಐದೂವರೆ. ಬೆಳಿಗ್ಗೆ ಕಡಲೆ ನೆನೆಹಾಕಿದೆ. ಆಮೇಲೆ ಮೆಟ್ಟಿಲ ಮೇಲಿನ ಹಿಮ ಗೋರಿದೆ. ಹನ್ನೊಂದು ಗಂಟೆಗೆ ಪುರಸಭೆಯ ಗುಮಾಸ್ತ ಲಿಬೆರಾತೊ ಕೈಯಲ್ಲಿ ಒಂದು ಪಟ್ಟಿ ಹಿಡಿದುಕೊಂಡು ಬಂದ. ನಿನ್ನ ಜೊತೆ ಶಾಲೆಯಲ್ಲಿ ಓದಿದವನೇ. ಈಗ ತಲೆ ಬೋಳಾಗಿದೆ, ಮಾತು ಮಾತ್ರ ಹಾಗೇ ಇದೆ.

"ಎರ್ಸೀ ಚಿಕ್ಕಮ್ಮ, ಬೇಜಾರು ಮಾಡ್ಕೋಬೇಡಿ. ಇಲ್ಲಿ ಬರೆದಿದೆ, ಡಂಗುರದವನ ಟೋಪಿ ಒಂದು, ಹಿತ್ತಾಳೆ ತುತ್ತೂರಿ ಒಂದು. ಎರಡೂ ಪುರಸಭೆ ಸಾಮಾನು" ಎಂದ.

"ಟೋಪಿ ನಮ್ಮ ಮನೆಯವರ ಜೊತೆ ಶವದ ಪೆಟ್ಟಿಗೆಯೊಳಗೆ ಹೋಯ್ತು. ಬೇಕಾದ್ರೆ ಹೋಗಿ ಅವರನ್ನೇ ಕೇಳು" ಎಂದೆ.

"ತುತ್ತೂರಿ?"

"ಅದು ಎಲ್ಲಿದೆಯೋ ನನಗೇನು ಗೊತ್ತು? ನಿಮ್ಮ ಮೈಕಿನ ಕಾರು ಬಂದ ದಿನದಿಂದ ಅದನ್ನ ಯಾರು ಮುಟ್ಟಿದ್ದಾರೆ?"

ಅವನು ಒಲೆಯ ಹತ್ತಿರ ಕೂತು ಒಂದು ಲೋಟ ವೈನ್ ಕುಡಿದು, ಪಟ್ಟಿಯಲ್ಲಿ ಅದೇನನ್ನೋ ಗೀಚಿಕೊಂಡು ಹೋದ. ನಾನು ಸುಳ್ಳು ಹೇಳಿದ್ದೆ. ತುತ್ತೂರಿ ಹಿಟ್ಟು ನಾದುವ ಮರದ ಪೆಟ್ಟಿಗೆಯ ತಳದಲ್ಲಿದೆ. ಅವನು ಹೋದ ಮೇಲೆ ನೋಡೋಣವೆಂದು ಮುಚ್ಚಳ ತೆಗೆದೆ. ತುತ್ತೂರಿಯ ಕೆಳಗೆ ನಿನ್ನ ಕಾಗದ ಇತ್ತು, ಹೋದ ವರ್ಷ ಜನವರಿಯಲ್ಲಿ ನೀನು ಸ್ವಿಟ್ಜರ್ಲೆಂಡಿನ ಬಿಯೆನ್‌ನಿಂದ ಬರೆದದ್ದು. ಅದನ್ನು ಅಲ್ಲಿ ಬಚ್ಚಿಟ್ಟವಳು ನಾನೇ. ಮಧ್ಯಾಹ್ನವೆಲ್ಲ ಅದನ್ನು ಮೇಜಿನ ಮೇಲಿಟ್ಟುಕೊಂಡು ಕೂತಿದ್ದೆ. ಸುದ್ದಿ ತಿಳಿದೂ ನೀನು ಅಪ್ಪನ ಮಣ್ಣಿಗೆ ಯಾಕೆ ಬರಲಿಲ್ಲವೆಂದು ಊರು ಕೇಳುತ್ತಿದೆ. ನಾನು ಕೇಳುವುದಿಲ್ಲ. ಕಾರಣ ಆ ಕಾಗದದಲ್ಲೇ ಇದೆ. ಅದು ತಪ್ಪು ಕಾರಣವೆಂದು ನನಗೆ ಒಂದು ವರ್ಷದಿಂದ ಗೊತ್ತಿತ್ತು. ಅದನ್ನು ಹೇಳುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಹಳೆಯದನ್ನು ಸ್ವಲ್ಪ ನೆನಪು ಮಾಡಿಕೊಳ್ಳುತ್ತೇನೆ, ತಡೆದುಕೋ. ಮೂರು ವಾರದಿಂದ ನಾನು ಬದುಕುತ್ತಿರುವುದು ಅದರಲ್ಲೇ.

ನಿನಗೆ ಐದು ವರ್ಷ. ಅಪ್ಪ ಮೊಣಕಾಲುದ್ದದ ಕೋಟು ಹಾಕಿ, ತುತ್ತೂರಿ ಕುತ್ತಿಗೆಗೆ ತೂಗುಬಿಟ್ಟುಕೊಂಡು ಹೊರಟರೆ ನೀನು ಹಿಂದೆಯೇ. ಊರೊಳಗೆ ಏಳು ಕಡೆ ನಿಲ್ಲಬೇಕು. ಕಾರಂಜಿ, ಇಗರ್ಜಿಯ ಮೆಟ್ಟಿಲು, ಕಮ್ಮಾರನ ಮೂಲೆ, ಹೀಗೆ ಕೊನೆಗೆ ಕಣಿವೆಯ ಅಂಚಿನ ಕಟ್ಟೆ. ಮೀನು ಬಂದಿದೆ, ನಾಳೆ ನೀರು ಬರುವುದಿಲ್ಲ, ಕಳೆದುಹೋದ ಹೇಸರಗತ್ತೆಯನ್ನು ಕಂಡವರು ತಿಳಿಸಿ. ಕಟ್ಟೆಯ ಮೇಲೆ ನಿಂತು ಕೂಗಿದರೆ ಆಚೆಯ ದಿಣ್ಣೆಯಲ್ಲಿ ಆಲಿವ್ ಕೊಯ್ಯುವವರಿಗೂ ಕೇಳಬೇಕು. ಅಲ್ಲಿ ನಿನ್ನನ್ನು ಎತ್ತಿ ನಿಲ್ಲಿಸಿಕೊಂಡು ಅವರು ಹೇಳುತ್ತಿದ್ದುದು ಒಂದೇ ಪಾಠ.

"ಪದವನ್ನ ಇಡಿಯಾಗಿ ಎಸೆದ್ರೆ ಕಣಿವೆಯೊಳಗೆ ಬಿದ್ದುಹೋಗ್ತದೆ ಮಗಳೇ. ತುಂಡು ಮಾಡು. ಒಂದೊಂದು ತುಂಡಿಗೂ ಉಸಿರು ಕೊಡು. ಭಾರ ಮಾತ್ರ ಒಂದೇ ತುಂಡಿನ ಮೇಲೆ ಹಾಕು, ಎರಡರ ಮೇಲೆ ಹಾಕಿದ್ರೆ ಪದ ಮುಗ್ಗರಿಸ್ತದೆ."

ಮನೆಗೆ ಬಂದ ಮೇಲೆ ಇದೇ ಅಡುಗೆಮನೆಯ ಮೇಜಿನ ಮೇಲೆ ಅಭ್ಯಾಸ. ಹಗುರ ತುಂಡಿಗೆ ಅಂಗೈ, ಭಾರದ ತುಂಡಿಗೆ ಮುಷ್ಟಿ. ಪಾ–ನೆ, ರೊಟ್ಟಿ: ಮುಷ್ಟಿ, ಅಂಗೈ. ಚಿತ್–ತಾ, ಪಟ್ಟಣ: ಅಂಗೈ, ಮುಷ್ಟಿ. ತಾ–ವೊ–ಲೊ, ಮೇಜು: ಮೊದಲೇ ಮುಷ್ಟಿ, ಆಮೇಲೆ ಎರಡು ಅಂಗೈ ಜಾರಿಕೊಂಡು ಹೋಗುತ್ತವೆ. ಶಾಲೆಯಲ್ಲಿ ಇಂಥವಕ್ಕೆ ಜಾರುವ ಪದಗಳು ಎಂದೇ ಹೆಸರು. ಮೀನು ಬರುವ ತೆರ್ಮೊಲಿಯೂ ಅಂಥದ್ದೇ. ಗಾಳಿ ಬೀಸುವ ದಿನ ಆ ಊರಿನ ಹೆಸರಿನ ಬಾಲ ಯಾರಿಗೂ ಕೇಳುವುದಿಲ್ಲವೆಂದು ನಿನ್ನಪ್ಪ ಗೊಣಗುತ್ತಿದ್ದರು. ನೀನು ಶಾಲೆಗೆ ಸೇರಿದ ಮೊದಲ ವಾರ ಟೀಚರಮ್ಮ ಪಾಸ್ತಾವನ್ನು ಪಾ–ಸ್ತಾ ಎಂದು ಒಡೆಯಬೇಕು ಅಂದರು. ನೀನು ಎದ್ದು ನಿಂತು, ನಮ್ಮಪ್ಪ ಪಾಸ್–ತಾ ಅಂತಾರೆ ಅಂದೆಯಂತೆ. ಅವರು ಅಪ್ಪನನ್ನು ಕರೆಸಿ ಕೇಳಿದರು. ನಿನ್ನಪ್ಪ ಟೋಪಿ ತೆಗೆದು ಹೇಳಿದ ಮಾತನ್ನು ಊರು ಈಗಲೂ ಹೇಳುತ್ತದೆ.

"ಟೀಚರಮ್ಮ, ನೀವು ಬರೆಯೋದು ಹಲಗೆ ಮೇಲೆ, ನಾನು ಬರೆಯೋದು ಗಾಳಿ ಮೇಲೆ. ಹಲಗೆದು ನೀವು ಹೇಳಿದ ಹಾಗೇ ಇರ್ಲಿ."

ನಮ್ಮ ಊರಲ್ಲಿ ಬದುಕಿರುವವರ ಹೆಸರನ್ನು ಯಾರೂ ಪೂರ್ತಿ ಕೂಗುವುದಿಲ್ಲ. ಭಾರ ಬಿದ್ದ ತುಂಡಿಗೆ ನಿಲ್ಲಿಸಿಬಿಡುತ್ತೇವೆ. ಅವರು ನಿಕಾಂದ್ರೊ ಅಲ್ಲ, ನಿಕಾ. ನಾನು ಎರ್ಸೀಲಿಯ ಅಲ್ಲ, ಎರ್ಸೀ. ಕಿಟಕಿಯಿಂದ ದೊರಲೀ ಎಂದು ಕೂಗಿದರೆ ನೀನು ಎಲ್ಲಿದ್ದರೂ ಓಡಿ ಬರಬೇಕು. ಅರ್ಧ ಹೆಸರು ಅಪ್ಪಣೆ. ಇಡೀ ಹೆಸರು ಎರಡೇ ಸಲ, ದೀಕ್ಷಾಸ್ನಾನದ ದಿನ ಪಾದ್ರಿಯ ಬಾಯಲ್ಲಿ, ಸತ್ತ ದಿನ ಡಂಗುರದವನ ಬಾಯಲ್ಲಿ. ಡಂಗುರದವರೇ ಆಗಿದ್ದ ನಿನ್ನ ಅಜ್ಜ ತೀರಿಕೊಂಡಾಗ ಮೂವತ್ತನೆಯ ದಿನದ ಪೂಜೆ ಮುಗಿಸಿ ನಿನ್ನಪ್ಪ ಏಳೂ ಕಡೆ ನಿಂತು ತಮ್ಮ ಅಪ್ಪನ ಹೆಸರನ್ನು ಇಡಿಯಾಗಿ ಕೂಗಿದ್ದರು. ಡಂಗುರದವನೇ ಸತ್ತರೆ ಮೂವತ್ತನೆಯ ದಿನ ಅವನ ಮಕ್ಕಳೇ ಕೂಗಬೇಕು ಎನ್ನುವುದು ಈ ಮನೆತನದ ಪದ್ಧತಿ.

ನೀನು ಟೀಚರಾಗಿ ಈ ಊರಿನ ಶಾಲೆಗೇ ಬರುತ್ತೀಯೆಂದು ಅವರು ಕಾದಿದ್ದರು. ಕೊನೆಯ ವರ್ಷ ಓದು ಬಿಟ್ಟು, ನೀನು ಮೆಚ್ಚಿದ ಎಫಿಸಿಯೊ ಜೊತೆ ಸ್ವಿಟ್ಜರ್ಲೆಂಡಿಗೆ ಹೊರಟೆ. ನೀನು ರಟ್ಟಿನ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಾಗ ಅವರು ಏನು ಹೇಳಿದರೆಂದು ನಿನಗೆ ನೆನಪಿದೆ. ಬೀದಿಗೂ ನೆನಪಿದೆ, ಕಿಟಕಿಗಳೆಲ್ಲ ತೆರೆದಿದ್ದವು. "ಈ ಹೆಸರು ಇನ್ನು ಮೇಲೆ ನನ್ನ ಬಾಯಿಂದ ಹೊರಡಲ್ಲ." ಹೇಳಿದಂತೆಯೇ ನಡೆದುಕೊಂಡರು. ಪ್ರತಿ ಕ್ರಿಸ್‌ಮಸ್ ಹಿಂದಿನ ದಿನ ಸಂಜೆ ನಾಲ್ಕಕ್ಕೆ ನೀನು ಅಸ್ಸುಂತಾಳ ಕಾಫಿ ಅಂಗಡಿಗೆ ಫೋನ್ ಮಾಡುತ್ತಿದ್ದೆ, ನಾನೊಬ್ಬಳೇ ಹೋಗುತ್ತಿದ್ದೆ. ಬಂದ ಮೇಲೆ ಅವರು ಏನೂ ಕೇಳುತ್ತಿರಲಿಲ್ಲ. ನಾನು ಮಾತ್ರ ಪಾತ್ರೆಗಳಿಗೆ ಹೇಳುವ ಹಾಗೆ ಎಲ್ಲವನ್ನೂ ಗಟ್ಟಿಯಾಗಿ ಹೇಳುತ್ತಿದ್ದೆ. ಅವರು ಒಲೆ ಕೆದಕುತ್ತ ಕೂತಿರುತ್ತಿದ್ದರು. ನಾನು ಹೇಳಿ ಮುಗಿಸುವ ತನಕ ಒಲೆ ಕೆದಕುವುದು ಮುಗಿಯುತ್ತಿರಲಿಲ್ಲ.

ಇನ್ನು ನಾನು ನಿನಗೆ ಬರೆಯದೆ ಬಿಟ್ಟದ್ದು.

ಎಪ್ಪತ್ತಾರರ ಅಕ್ಟೋಬರಿನಲ್ಲಿ, ದ್ರಾಕ್ಷಿ ಕೊಯ್ಲು ಮುಗಿದ ವಾರ, ಅಪ್ಪ ಬೆಳಿಗ್ಗೆ ಎದ್ದವರು ಕಾಫಿ ಕೇಳಲು ಹೋಗಿ ಬಾಯಿ ತೆರೆದರು, ಮಾತು ಬರಲಿಲ್ಲ. ಬಲಗೈ ಸ್ವಲ್ಪ ಸೋತಿತ್ತು. ಕಾಂಪೊಬಾಸ್ಸೊ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದೆವು. ತಲೆಯೊಳಗೆ ರಕ್ತ ನಿಂತಿದೆ, ಮಾತು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎಂದರು ಡಾಕ್ಟರು. ಊರಿನವರಿಗೆ ಪಿತ್ತಕೋಶದ ತೊಂದರೆ ಅಂದೆ. ವಾಪಸು ಬರುವಾಗ ಬಸ್ಸಿನಲ್ಲಿ ಅವರು ನನ್ನ ತುಟಿಯ ಮೇಲೆ ಬೆರಳಿಟ್ಟರು. ಯಾರಿಗೂ ಹೇಳಬೇಡ ಎಂದು. ಆಮೇಲೆ ತಮ್ಮ ಬಾಯಿ ತೋರಿಸಿ, ನೀನಿರುವ ಉತ್ತರದ ಕಡೆ ಕೈ ಮಾಡಿ, ತಲೆ ತಗ್ಗಿಸಿದರು. ನನಗೆ ಅರ್ಥವಾಯಿತು. ಅಂದು ಬಾಗಿಲಲ್ಲಿ ಆಡಿದ ಮಾತಿಗೆ ಇದು ಶಿಕ್ಷೆ ಎಂದು ಅವರು ತಿಳಿದಿದ್ದರು.

ಊರಿಗೆ ಗೊತ್ತಾಗಲೇ ಇಲ್ಲ. ಇದನ್ನು ನೀನು ನಂಬಲಾರೆ, ಆದರೆ ನಮ್ಮ ಊರಲ್ಲದೆ ಬೇರೆ ಯಾವ ಊರೂ ಇಷ್ಟು ಮೋಸಹೋಗುತ್ತಿರಲಿಲ್ಲ. ಎರಡು ತಿಂಗಳಲ್ಲಿ ಅವರಿಗೆ ಒಂದೊಂದು ತುಂಡು ಹೊರಡತೊಡಗಿತು. ಬೀದಿಯಲ್ಲಿ ಎದುರಾದವರಿಗೆ ಅಸ್ಸೂ, ಲಿಬೆರಾ ಎಂದು ತೊದಲಿ ಅಲ್ಲಿಗೇ ನಿಲ್ಲಿಸುತ್ತಿದ್ದರು. ಇಲ್ಲಿ ಎಲ್ಲರೂ ಅಲ್ಲಿಗೇ ನಿಲ್ಲಿಸುತ್ತಾರಲ್ಲ. ಉಳಿದ ಮೌನಕ್ಕೂ ಊರಿನವರೇ ಕಾರಣ ಹುಡುಕಿಕೊಂಡಿದ್ದರು, ಮೈಕಿನ ಕಾರು ಬಂದು ಕೆಲಸ ಕಿತ್ತುಕೊಂಡದ್ದಕ್ಕೆ ಮುನಿಸು.

"ಮುನಿಸಿಕೊಂಡೇ ಇರ್ಲಿ ಬಿಡು ಎರ್ಸೀ" ಎಂದಳು ಅಸ್ಸುಂತಾ. "ಇಪ್ಪತ್ತು ವರ್ಷ ನನ್ನ ಮಧ್ಯಾಹ್ನದ ನಿದ್ದೆ ಕೆಡಿಸಿದ ಬಾಯಿ ಅದು. ಈಗಲಾದ್ರೂ ಒಂದು ಕಣ್ಣು ಮುಚ್ತೀನಿ."

ಎಲ್ಲರ ಜೊತೆ ನಾನೂ ನಕ್ಕೆ.

ಮನೆಯಲ್ಲಿ ನಾನು ಟೀಚರಾದೆ. ಐದನೆಯ ತರಗತಿ ಓದಿದವಳು. ನೀನು ಕೂರುತ್ತಿದ್ದ ಜಾಗದಲ್ಲಿ ಅವರನ್ನು ಕೂರಿಸಿ, ಅವರ ಎಡಗೈ ಹಿಡಿದು ಮೇಜಿನ ಮೇಲೆ ಬಡಿಯುವಂತೆ ಮಾಡಿದೆ. ಬಾಯಿ ಹೊರಡದಿದ್ದರೂ ಕೈ ಹೊರಡುತ್ತಿತ್ತು, ಕೈಯ ಹಿಂದೆ ಬಾಯಿ ಬರುತ್ತಿತ್ತು, ತಾಯಿಯ ಲಂಗ ಹಿಡಿದ ಮಗುವಿನ ಹಾಗೆ. ಕೈ ಮೊದಲು, ಮಾತು ಆಮೇಲೆ, ಅದಿಲ್ಲದೆ ಆಗುತ್ತಿರಲಿಲ್ಲ. ಮೊದಲು ಪಟ್ಟಣ, ಚಿತ್–ತಾ; ಕಾಫಿ, ಕಾಫ್–ಫೆ; ಮುಷ್ಟಿಯಲ್ಲಿ ಮುಗಿಯುವ ಪದಗಳು. ಆಮೇಲೆ ರೊಟ್ಟಿ. ನೀರು, ಆಕ್–ಕ್ವಾ, ಅದಕ್ಕೆ ಒಂದು ತಿಂಗಳು ಹಿಡಿಯಿತು. ನಡುವಿನ ಒತ್ತಕ್ಷರ ಒಡೆದು ಅರ್ಧ ಹಿಂದಕ್ಕೆ, ಅರ್ಧ ಮುಂದಕ್ಕೆ ಹೋಗಬೇಕು. ಅವರು ಎರಡರ ನಡುವೆ ಸಿಕ್ಕಿಹಾಕಿಕೊಂಡು ಸಿಟ್ಟಿನಿಂದ ಲೋಟವನ್ನೇ ತೋರಿಸಿಬಿಡುತ್ತಿದ್ದರು. ಬಾಯಾರಿದವರಿಗೆ ನೀರು ಕೊಡದೆ ಕಾಯಿಸಿದ ಪಾಪ ನನ್ನದು. ಕೊನೆಗೆ ಒಂದು ದಿನ ಹೇಳಿದರು. ಹೇಳಿ ಮುಗಿಸಿ, ನೀರು ಕುಡಿಯುವುದನ್ನೇ ಮರೆತು ನನ್ನ ಮುಖ ನೋಡುತ್ತ ಕೂತರು.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಆ ಎರಡು ವರ್ಷ ನಾನು ಸುಖವಾಗಿದ್ದೆ. ಮೂವತ್ತು ವರ್ಷ ಊರಿಗೆಲ್ಲ ಹಂಚಿಹೋಗುತ್ತಿದ್ದ ದನಿ ಮೊದಲ ಸಲ ನನ್ನೊಬ್ಬಳ ಅಡುಗೆಮನೆಯಲ್ಲಿತ್ತು. ಅದರಿಂದ ಹೊರಡುವ ಒಂದೊಂದು ತುಂಡೂ ಮೊದಲು ನನಗೆ ಸಿಗುತ್ತಿತ್ತು.

ಎಪ್ಪತ್ತೇಳರ ಬೇಸಿಗೆಯಲ್ಲಿ ಅವರು ತಾವಾಗಿಯೇ ಬಡಿಯತೊಡಗಿದರು. ಅಂಗೈ, ಅಂಗೈ, ಮುಷ್ಟಿ, ಅಂಗೈ. ನಾನು ಹೇಳಿಕೊಟ್ಟ ಪದ ಅದಾಗಿರಲಿಲ್ಲ. ದೊ–ರ–ಲೀ–ಚೆ. ಇಡೀ ಹೆಸರು ಸತ್ತವರದ್ದಲ್ಲವೇ. ದೊರಲೀ ಎಂದರೆ ಸಾಕು, ಅದು ಬರುತ್ತದಲ್ಲ ಎಂದೆ. ಅವರು ತಲೆಯಾಡಿಸಿದರು. ಮುಷ್ಟಿ ಬಿದ್ದ ಮೇಲೆ ಕೊನೆಯ ಅಂಗೈಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ಹಾಗೇ ಬಿಡುತ್ತಿದ್ದರು. ಯಾಕೆಂದು ಅವರು ಹೇಳಲಾರರು. ನಾನು ಅರ್ಥಮಾಡಿಕೊಂಡದ್ದು ಇಷ್ಟು: ನಿನಗೆ ಇನ್ನು ಅಪ್ಪಣೆ ಕೊಡುವುದು ಅವರಿಗೆ ಬೇಕಿರಲಿಲ್ಲ.

ಆ ಕ್ರಿಸ್‌ಮಸ್ಸಿಗೆ ಹಿತ್ತಾಳೆ ಗುಂಡಿಯ ಕೋಟು ಹಾಕಿಕೊಂಡು ನನ್ನ ಜೊತೆ ಅಸ್ಸುಂತಾಳ ಅಂಗಡಿಗೆ ಬಂದರು. ಒಳಗೆ ಇಸ್ಪೀಟಿನ ಗಲಾಟೆ. ಅವರು ಫೋನಿನ ಹತ್ತಿರ ನಿಂತದ್ದು ನೋಡಿ ಒಬ್ಬೊಬ್ಬರಾಗಿ ಸುಮ್ಮನಾದರು. ನಾಲ್ಕಕ್ಕೆ ಫೋನ್ ಗಂಟೆ ಬಾರಿಸಿತು. ಅವರೇ ಎತ್ತಿದರು. ನೀನು ಅಮ್ಮಾ ಎಂದದ್ದು ನನಗೂ ಕೇಳಿಸಿತು. ಅವರ ಬಾಯಿ ತೆರೆಯಿತು, ಏನೂ ಬರಲಿಲ್ಲ. ಅಷ್ಟು ಜನರ ಕಣ್ಣು ಬೇರೆ. ಬಲಗೈ ಸೋತಿದ್ದರಿಂದ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಅವುಚಿಕೊಂಡು, ಎಡಗೈಯಿಂದ ತಗಡು ಹೊದಿಸಿದ ಕಟ್ಟೆಯ ಮೇಲೆ ಬಡಿದರು. ಅಂಗೈ, ಅಂಗೈ, ಮುಷ್ಟಿ, ಅಂಗೈ. ಬರಲಿಲ್ಲ. ಇನ್ನೊಮ್ಮೆ. ಮೂರನೆಯ ಸಲ ಎಷ್ಟು ಜೋರಾಗಿ ಗುದ್ದಿದರೆಂದರೆ ಲೋಟಗಳು ಹಾರಿದವು. ಅಂಗಡಿಯಲ್ಲಿದ್ದವರೆಲ್ಲ ಅದನ್ನು ಹಳೆಯ ಸಿಟ್ಟೆಂದೇ ತಿಳಿದರು. ಆಗ ನೀನು ಫೋನ್ ಇಟ್ಟೆ.

ದೊರಲೀಚೆ, ನೀನು ಕೇಳಿದ್ದು ಅದು. ಅದು ಸಿಟ್ಟಲ್ಲ. ಕೈಯಿಲ್ಲದೆ ಬಾಯಿ ಹೊರಡುತ್ತಿರಲಿಲ್ಲ. ಅವರು ನಿನ್ನ ಹೆಸರು ಹೇಳುತ್ತಿದ್ದರು.

ಜನವರಿಯಲ್ಲಿ ನಿನ್ನ ಕಾಗದ ಬಂತು. ಏಳು ವರ್ಷ ಆದಮೇಲೂ ನನ್ನ ದನಿ ಕೇಳಿದರೆ ಅಪ್ಪನಿಗೆ ಮೇಜು ಗುದ್ದಬೇಕೆನಿಸುತ್ತದೆ, ಇನ್ನು ಫೋನ್ ಮಾಡುವುದಿಲ್ಲ, ಅವರು ಇರುವ ತನಕ ಬರುವುದೂ ಇಲ್ಲ, ನೀನೂ ಅವರ ಸುದ್ದಿ ಬರೆಯಬೇಡಮ್ಮ ಎಂದಿದ್ದೆ. ಓದಿ ಹಿಟ್ಟಿನ ಪೆಟ್ಟಿಗೆಯಲ್ಲಿಟ್ಟೆ. ಹಿಮ ಬಿದ್ದು ಅಂದು ಫೋನ್ ಲೈನ್ ಕಡಿದುಹೋಗಿತ್ತಂತೆ ಎಂದು ಅವರಿಗೆ ಹೇಳಿದೆ. ಅವರು ನಂಬಿದರು. ಆಮೇಲೆ ನಿನಗೆ ನಾನು ಬರೆದದ್ದು ನಾಲ್ಕೇ ಕಾಗದ, ನಾಲ್ಕರಲ್ಲೂ ಕೋಳಿ, ಮಳೆ, ನನ್ನ ಮಂಡಿನೋವು. ಒಂದು ಸಾಲು ಬರೆದಿದ್ದರೆ ಸಾಕಿತ್ತು. ಮಾತು ಕೊಟ್ಟಿದ್ದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ನೀನು ಬಂದಿದ್ದರೆ ಆ ಮೇಜಿನ ಎದುರು ನನ್ನ ಬದಲು ನೀನು ಕೂರುತ್ತಿದ್ದೆ.

ಅವರು ಬಿಡಲಿಲ್ಲ. ವರ್ಷವಿಡೀ ದಿನಾ ಊಟವಾದ ಮೇಲೆ ನಿನ್ನ ಹೆಸರು. ನವೆಂಬರಿನ ಹೊತ್ತಿಗೆ ಕೈ ಎತ್ತದೆಯೇ ಹೇಳುತ್ತಿದ್ದರು, ನಾಲ್ಕೂ ತುಂಡು, ಭಾರ ಸರಿಯಾದ ಜಾಗದಲ್ಲಿ. ದನಿ ಹಳೆಯದಲ್ಲ, ಒಣಗಿದ ಜೋಳದ ಸಿಪ್ಪೆಯ ಹಾಗೆ. ಹೋದ ಕ್ರಿಸ್‌ಮಸ್ಸಿಗೆ ಕ್ಷೌರ ಮಾಡಿಸಿಕೊಂಡು, ಅದೇ ಕೋಟು ಹಾಕಿಕೊಂಡು ಮೂರೂವರೆಗೇ ಅಸ್ಸುಂತಾಳ ಅಂಗಡಿಗೆ ಹೋಗಿ ಫೋನಿನ ಪಕ್ಕ ಕೂತರು. ಫೋನ್ ಬರುವುದಿಲ್ಲವೆಂದು ಅಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಐದಾಯಿತು, ಆರಾಯಿತು. ಅಸ್ಸುಂತಾ ಕಾಫಿ ಕೊಟ್ಟು, "ಸ್ವಿಸ್ ಗಡಿಯಾರಕ್ಕೂ ಬರುಬರುತ್ತ ನಮ್ಮ ಚಾಳಿ ಅಂಟಿಕೊಂಡ ಹಾಗಿದೆ ನಿಕಾ ಮಾವ" ಎಂದಳು. ಅವರು ನಕ್ಕರು. ಏಳಕ್ಕೆ ಎದ್ದರು. ಆಮೇಲೆ ಮೂರು ವಾರ ನಾಲ್ಕು ದಿನ ಬದುಕಿದ್ದರು. ಗುರುವಾರ ಬೆಳಿಗ್ಗೆ, ಗೂಡಿನಿಂದ ಮೊಟ್ಟೆ ತಂದು ಮೇಜಿನ ಮೇಲಿಟ್ಟು, ಕುರ್ಚಿ ಎಳೆದುಕೊಂಡು ಕೂತವರು ಮತ್ತೆ ಏಳಲಿಲ್ಲ.

ಸಾವನ್ನು ಮೈಕಿನ ಕಾರು ಸಾರಿತು. ನಿಕಾಂದ್ರೊ ಎಂಬುದನ್ನು ಮೂರು ತುಂಡಿಗೂ ಒಂದೇ ತೂಕ ಹಾಕಿ ಹೇಳಿಕೊಂಡು ಹೋಯಿತು, ಗೋಡೆ ಕಟ್ಟಲು ಇಟ್ಟಿಗೆ ಎಣಿಸಿಡುವ ಹಾಗೆ. ಆಚೆಯ ದಿಣ್ಣೆಯವರಿಗೆ ಕೇಳಲೇ ಇಲ್ಲವಂತೆ, ಎರಡು ದಿನ ಬಿಟ್ಟು ಬಂದು ಅತ್ತರು.

ಮೂವತ್ತನೆಯ ದಿನದ ಪೂಜೆ ಶನಿವಾರ ಹದಿನೇಳಕ್ಕೆ, ಬೆಳಿಗ್ಗೆ ಒಂಬತ್ತಕ್ಕೆ. ಆಮೇಲೆ ಏಳು ಕಡೆ ಹೆಸರು ಕೂಗಬೇಕು. ಅದನ್ನು ತುಂಡು ಮಾಡಿ ಸರಿಯಾದ ಕಡೆ ಭಾರ ಹಾಕಿ ಕಣಿವೆ ದಾಟಿಸಬಲ್ಲವರು ಈ ಊರಲ್ಲಿ ಇನ್ನು ಯಾರೂ ಇಲ್ಲ. ನಿನ್ನನ್ನು ಬಾ ಎನ್ನುವ ಹಕ್ಕು ನನಗೆ ಉಳಿದಿಲ್ಲ. ಅದಕ್ಕೇ ಮೇಲೆ ನಿನ್ನ ಇಡೀ ಹೆಸರು ಬರೆದಿದ್ದೇನೆ. ನೀನು ಬಾರದಿದ್ದರೆ ಕಟ್ಟೆಯ ಹತ್ತಿರ ನಾನೇ ನಿಲ್ಲುತ್ತೇನೆ. ನನ್ನ ದನಿ ಕಮ್ಮಾರನ ಮೂಲೆಯನ್ನೂ ದಾಟುವುದಿಲ್ಲ. ಆದರೂ ನಿಲ್ಲುತ್ತೇನೆ.

ಎಫಿಸಿಯೊಗೆ ನನ್ನ ನೆನಪು ಹೇಳು. ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ. ನೀನು ಕೇಳಿದ ಆ ಗುದ್ದನ್ನು ಮಾತ್ರ ಇನ್ನೊಮ್ಮೆ ನೆನೆದು ನೋಡು, ಎಣಿಸಿ ನೋಡು.

ನಿನ್ನ ತಾಯಿ,
ಎರ್ಸೀಲಿಯ

ಮರೆತದ್ದು: ಹೋದ ಕ್ರಿಸ್‌ಮಸ್ ಹಿಂದಿನ ಸಂಜೆ ಅಂಗಡಿಯಿಂದ ಬಂದು ಊಟಕ್ಕೆ ಕೂತಾಗ ಅವರು ನಿನ್ನ ಹೆಸರು ಹೇಳಲಿಲ್ಲ. ಸುಮ್ಮನೆ ಮೇಜಿನ ಮೇಲೆ ಬಡಿದರು. ಅಂಗೈ, ಮುಷ್ಟಿ, ಅಂಗೈ. ಮೂರೇ. ಎರ್–ಸೀ–ಲಿಯ. ನನ್ನ ಹೆಸರನ್ನು ನಾನು ಅವರಿಗೆ ಹೇಳಿಕೊಟ್ಟಿರಲಿಲ್ಲ, ಬಾರದಿದ್ದರೆ ಎಂಬ ಭಯಕ್ಕೆ. ಬಡಿದು, ನಾನು ತಿರುಗಿ ನೋಡಲೆಂದು ಕಾದರು. ನಿನ್ನ ಕಾಗದ ಇದ್ದ ಪೆಟ್ಟಿಗೆ ಅವರ ಬೆನ್ನ ಹಿಂದೆಯೇ ಇತ್ತು. ನಾನು ಕೇಳಿಸದವಳಂತೆ ಪಾತ್ರೆ ತೊಳೆಯುತ್ತಿದ್ದೆ.

ನಾಳೆ ಬುಧವಾರ. ಟಪಾಲು ಒಯ್ಯುವ ಬಸ್ಸು ಕಾರಂಜಿಯ ಹತ್ತಿರದಿಂದ ಏಳೂ ಇಪ್ಪತ್ತಕ್ಕೆ ಹೊರಡುತ್ತದೆ.